ಪರಿಶೀಲನೆಗೆ ಬಂದ ಹಸ್ತಪ್ರತಿ ನಮ್ಮ ವಿದ್ಯಾರ್ಥಿಯ ವಿಷಯಕ್ಕೇ ಸೇರಿದ್ದಾದರೆ ಪರಿಶೀಲಕರ ಹೊಣೆ ಏನು?

ಪ್ರಶ್ನೆ: ಸಹಾಯಕ ಪ್ರಾಧ್ಯಾಪಕಿ, ಪದವಿ ಕಾಲೇಜು, ಕಲಬುರಗಿ

ಎಲ್ಲ ಹಿರಿಯರಿಗೂ ಸಹೋದ್ಯೋಗಿಗಳಿಗೂ ಶರಣಾರ್ಥಿಗಳು.

ಸಂಶೋಧನಾ ಪತ್ರಿಕೆಯೊಂದರ ಸಂಪಾದಕರು ಕಳೆದ ವಾರ ಒಂದು ಲೇಖನವನ್ನು ಪರಿಶೀಲಿಸಿ ಅಭಿಪ್ರಾಯ ತಿಳಿಸುವಂತೆ ನನ್ನನ್ನು ಕೇಳಿದರು. ಇ-ಮೇಲಿನಲ್ಲಿದ್ದುದು ಶೀರ್ಷಿಕೆ ಮತ್ತು ಚಿಕ್ಕದೊಂದು ಸಾರಾಂಶ ಮಾತ್ರ. ವಿಷಯ ನನಗೆ ಪರಿಚಿತವಾದ್ದರಿಂದ ಒಪ್ಪಿಕೊಂಡೆ. ಪೂರ್ಣ ಹಸ್ತಪ್ರತಿ ಬಂದ ಮೇಲೆ ನೋಡಿದರೆ, ಅದರ ಕ್ಷೇತ್ರಕಾರ್ಯ ನಡೆದಿರುವುದು ನಮ್ಮ ಭಾಗದ ಹಳ್ಳಿಗಳಲ್ಲಿ. ಅದು ಕೈಗೆತ್ತಿಕೊಂಡಿರುವ ಪ್ರಶ್ನೆ ನನ್ನ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡುತ್ತಿರುವ ವಿದ್ಯಾರ್ಥಿಯೊಬ್ಬರ ಪ್ರಶ್ನೆಗೆ ತೀರ ಹತ್ತಿರದ್ದು. ಹಸ್ತಪ್ರತಿ ಗೋಪ್ಯವಾಗಿ ನನ್ನ ಕೈಗೆ ಬಂದಿರುವುದರಿಂದ ಅದರ ವಿಷಯವನ್ನಾಗಲಿ, ತಾಲ್ಲೂಕನ್ನಾಗಲಿ, ಫಲಿತಾಂಶವನ್ನಾಗಲಿ ಇಲ್ಲಿ ಬರೆಯುವುದಿಲ್ಲ. ದಯವಿಟ್ಟು ಯಾರೂ ಕೇಳಬಾರದು.

ನನ್ನನ್ನು ಕಾಡುತ್ತಿರುವುದು ಇಷ್ಟು. ಆ ಲೇಖಕರು ಸಮೀಕ್ಷೆಯಲ್ಲಿ ಒಂದು ಮಾಹಿತಿಯನ್ನು ಹೊರತೆಗೆಯಲು ಬಹಳ ಜಾಣ್ಮೆಯ ದಾರಿಯೊಂದನ್ನು ಕಂಡುಕೊಂಡಿದ್ದಾರೆ. ನನ್ನ ವಿದ್ಯಾರ್ಥಿ ಅದೇ ಮಾಹಿತಿ ಸಿಗದೆ ಬಹಳ ದಿನಗಳಿಂದ ತೊಳಲಾಡುತ್ತಿದ್ದಾರೆ. ಓದಿದ್ದನ್ನು ಓದಿಲ್ಲವೆಂದು ಮಾಡುವುದಕ್ಕೆ ಆಗುವುದಿಲ್ಲ. ನಾಳೆ ವಿದ್ಯಾರ್ಥಿ ಪ್ರಶ್ನಾವಳಿಯನ್ನು ತಂದು ನನ್ನ ಮುಂದಿಟ್ಟು ‘ಇದನ್ನು ಹೇಗೆ ತಿದ್ದಲಿ ಮೇಡಂ?’ ಎಂದು ಕೇಳಿದರೆ ನಾನು ಏನು ಹೇಳಬೇಕು? ಸುಮ್ಮನಿದ್ದರೆ ಮಾರ್ಗದರ್ಶಕಿಯಾಗಿ ನನ್ನ ಕರ್ತವ್ಯಕ್ಕೆ ಚ್ಯುತಿ, ಹೇಳಿದರೆ ಪರಿಶೀಲಕಳಾಗಿ ನಂಬಿಕೆದ್ರೋಹ.

ಇದರ ಜೊತೆಗೆ ಇನ್ನೂ ಎರಡು ಸಂಗತಿಗಳಿವೆ. ಲೇಖಕರ ಹೆಸರನ್ನು ತೆಗೆದಿದ್ದರೂ, ನಮ್ಮ ಭಾಗದಲ್ಲಿ ಈ ವಿಷಯದ ಮೇಲೆ ಕೆಲಸ ಮಾಡುವವರು ಬೆರಳೆಣಿಕೆಯಷ್ಟು ಜನ. ಇದು ಯಾರ ಕೆಲಸವೆಂದು ನನಗೆ ಬಹುಮಟ್ಟಿಗೆ ಗೊತ್ತಾಗಿದೆ. ಅಲ್ಲದೆ ಹಸ್ತಪ್ರತಿಯ ಇಂಗ್ಲಿಷ್ ಸಾಕಷ್ಟು ದುರ್ಬಲವಾಗಿದೆ, ದತ್ತಾಂಶ ಮಾತ್ರ ಗಟ್ಟಿಯಾಗಿದೆ. ಇಂಥ ಸ್ಥಿತಿಯಲ್ಲಿ ಪರಿಶೀಲನೆಯನ್ನು ಮುಂದುವರಿಸಬಹುದೇ, ಹಿಂದೆ ಸರಿಯಬೇಕೇ? ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.


ಉತ್ತರ: ನಿವೃತ್ತ ಪ್ರಾಧ್ಯಾಪಕ, ಕಲಬುರಗಿ

ಮೇಡಂ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಹಸ್ತಪ್ರತಿಯ ವಿಷಯವನ್ನು ಬಚ್ಚಿಟ್ಟು ಪ್ರಶ್ನೆಯನ್ನಷ್ಟೇ ಮುಂದಿಟ್ಟಿರುವುದು ಬಹಳ ಸರಿಯಾದ ನಡೆ. ಚಹಾ ಕುಡಿಯುತ್ತ ‘ನನ್ನ ಹತ್ತಿರ ಒಂದು ಪೇಪರ್ ಬಂದಿದೆ, ಏನು ಬರೆದಿದ್ದಾರೆ ಗೊತ್ತೇ?’ ಎಂದು ಸ್ಟಾಫ್ ರೂಮಿನಲ್ಲಿ ಓದಿ ಹೇಳುವವರನ್ನು ನಾನು ಬಹಳ ಕಂಡಿದ್ದೇನೆ. ಅವರಿಗೆ ಅದು ತಪ್ಪೆಂದು ಹೊಳೆಯುವುದೂ ಇಲ್ಲ.

ನಿಮ್ಮ ಹಸ್ತಪ್ರತಿಯಲ್ಲಿ ಏನಿದೆಯೆಂದು ನನಗೆ ಬೇಡ, ನಾನೇ ಒಂದು ಉದಾಹರಣೆಯನ್ನು ಕಟ್ಟಿ ಹೇಳುತ್ತೇನೆ. ತೊಗರಿ ಬೆಳೆಗಾರರ ಸಾಲದ ಮೇಲೆ ಒಬ್ಬರು ಸಮೀಕ್ಷೆ ಮಾಡಿದ್ದಾರೆ ಎಂದಿಟ್ಟುಕೊಳ್ಳಿ. ‘ನಿಮಗೆ ಸಾಲ ಎಷ್ಟಿದೆ?’ ಎಂದು ನೇರವಾಗಿ ಕೇಳಿದರೆ ರೈತರು ಬ್ಯಾಂಕಿನದನ್ನೋ ಸಹಕಾರ ಸಂಘದ್ದನ್ನೋ ಹೇಳುತ್ತಾರೆ, ಅಡತಿ (ದಲ್ಲಾಳಿ) ಅಂಗಡಿಯಿಂದ ಬಿತ್ತನೆಗೆ ತಂದ ಮುಂಗಡದ ಮಾತು ಬರುವುದೇ ಇಲ್ಲ. ಅದರ ಬದಲು ‘ರಾಶಿ ಆದ ಮೇಲೆ ಮಾಲನ್ನು ಯಾವ ಅಡತಿಗೆ ಒಯ್ಯುತ್ತೀರಿ, ಮಾರಾಟದ ಪಟ್ಟಿಯಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ?’ ಎಂದು ಮಾರಾಟದ ಕಡೆಯಿಂದ ಕೇಳಿದರೆ ಪೂರ್ಣ ಲೆಕ್ಕ ತಾನಾಗಿಯೇ ಹೊರಬರುತ್ತದೆ. ನೋಡಲು ಇದು ಒಂದು ಸಾಲಿನ ಬದಲಾವಣೆ. ಆದರೆ ಆ ಸಾಲಿಗಾಗಿ ಸಂಶೋಧಕ ಎಷ್ಟು ಹಳ್ಳಿ ತಿರುಗಿರಬೇಕು, ಎಷ್ಟು ಪ್ರಶ್ನಾವಳಿಗಳನ್ನು ವ್ಯರ್ಥ ಮಾಡಿಕೊಂಡಿರಬೇಕು! ಸಮಾಜವಿಜ್ಞಾನದಲ್ಲಿ ಒಬ್ಬನ ದುಡಿಮೆಯ ಸಾರ ಅನೇಕ ಸಲ ಇಂಥ ಒಂದೇ ಸಾಲಿನಲ್ಲಿರುತ್ತದೆ. ಕೃತಿಚೌರ್ಯವನ್ನು ಪತ್ತೆಹಚ್ಚುವ ಯಾವ ಸಾಫ್ಟ್‌ವೇರಿಗೂ ಅದರ ಕಳವು ಸಿಕ್ಕುವುದಿಲ್ಲ. ಆದ್ದರಿಂದ ಇಲ್ಲಿ ಕಾವಲಿರುವುದು ಪರಿಶೀಲಕರ ಮನಸ್ಸಾಕ್ಷಿ ಮಾತ್ರ.

ಈ ಮಾತಿಗೆ ವೈದ್ಯಕೀಯ ಸಂಶೋಧನೆಯ ಇತಿಹಾಸದಲ್ಲಿ ಕಹಿಯಾದ ನಿದರ್ಶನವಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಹೆಲೆನಾ ವಾಕ್‌ಸ್ಲಿಕ್ಟ್-ರಾಡ್‌ಬಾರ್ಡ್ ಎಂಬ ಯುವ ಸಂಶೋಧಕಿ 1978ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ಗೆ ಒಂದು ಲೇಖನ ಕಳುಹಿಸಿದರು. ಅದು ಯೇಲ್ ವಿಶ್ವವಿದ್ಯಾಲಯದ ಫಿಲಿಪ್ ಫೆಲಿಗ್ ಅವರ ಬಳಿಗೆ ಪರಿಶೀಲನೆಗೆ ಹೋಯಿತು. ಅವರು ಅದನ್ನು ಅದೇ ವಿಷಯದಲ್ಲಿ ಕೆಲಸ ಮಾಡುತ್ತಿದ್ದ ತಮ್ಮ ಕಿರಿಯ ಸಹೋದ್ಯೋಗಿ ವಿಜಯ್ ಸೋಮನ್ ಕೈಗೆ ಕೊಟ್ಟರು. ಲೇಖನ ಪ್ರಕಟಣೆಗೆ ಯೋಗ್ಯವಲ್ಲವೆಂಬ ಶಿಫಾರಸು ಹೋಯಿತು. ಕೆಲವು ಕಾಲದ ನಂತರ ಫೆಲಿಗ್ ಮತ್ತು ಸೋಮನ್ ಹೆಸರಿನ ಹಸ್ತಪ್ರತಿಯೊಂದು ಇನ್ನೊಂದು ಪತ್ರಿಕೆಯಿಂದ ಪರಿಶೀಲನೆಗಾಗಿ ರಾಡ್‌ಬಾರ್ಡ್ ಇದ್ದ ಪ್ರಯೋಗಾಲಯಕ್ಕೇ ಬಂದಾಗ, ಅದರಲ್ಲಿ ತಾವೇ ಬರೆದ ಸಾಲುಗಳನ್ನು ಅವರು ಗುರುತಿಸಿದರು. ವಿಚಾರಣೆ ನಡೆದು, ಸೋಮನ್ ಅವರ ಹಲವು ಲೇಖನಗಳನ್ನು 1980ರಲ್ಲಿ ಹಿಂದಕ್ಕೆ ಪಡೆಯಬೇಕಾಯಿತು. ಹಸ್ತಪ್ರತಿಯನ್ನು ಸ್ಪರ್ಧಿಯಾಗಿದ್ದ ಕಿರಿಯನ ಕೈಗೆ ದಾಟಿಸಿದ್ದು ಕೇವಲ ಒಂದು ಕ್ಷಣದ ಕೆಲಸವಾಗಿತ್ತು ಎಂಬುದನ್ನು ಗಮನಿಸಿ.

ಈಗ ಕಾಲ ಬದಲಾಗಿದೆಯೆಂದೂ ತಿಳಿಯಬೇಕಾಗಿಲ್ಲ. 2016ರಲ್ಲಿ ಮೈಕೆಲ್ ಡಾನ್ಸಿಂಜರ್ ಎಂಬ ವೈದ್ಯರು, ತಮ್ಮ ತಿರಸ್ಕೃತ ಹಸ್ತಪ್ರತಿಯನ್ನು ಅದರ ಪರಿಶೀಲಕನೇ ಬೇರೆ ಪತ್ರಿಕೆಯಲ್ಲಿ ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿಕೊಂಡದ್ದನ್ನು ಕಂಡು, ಆ ವ್ಯಕ್ತಿಯನ್ನು ಉದ್ದೇಶಿಸಿ ಬಹಿರಂಗ ಪತ್ರ ಬರೆದರು.

ಪ್ರಕಟಣಾ ನೀತಿಯ ಕುರಿತು 1997ರಿಂದ ಕೆಲಸ ಮಾಡುತ್ತಿರುವ ಕೋಪ್ ಸಮಿತಿ ಪರಿಶೀಲಕರಿಗೆಂದೇ ಮಾರ್ಗಸೂಚಿಯೊಂದನ್ನು ಹೊರತಂದಿದೆ, 2017ರಲ್ಲಿ ಅದನ್ನು ಪರಿಷ್ಕರಿಸಿದೆ. ತಮ್ಮ ಬಳಿ ಅದೇ ಬಗೆಯ ಲೇಖನ ಸಿದ್ಧವಾಗುತ್ತಿದ್ದರೆ ಪರಿಶೀಲನೆಯನ್ನು ಒಪ್ಪಬಾರದು, ಓದುತ್ತಿರುವಾಗ ಹಿತಾಸಕ್ತಿಯ ಸಂಘರ್ಷ ಗೋಚರಿಸಿದರೆ ತಡಮಾಡದೆ ಸಂಪಾದಕರಿಗೆ ತಿಳಿಸಬೇಕು ಎಂಬುದು ಅದರ ನಿಲುವು. ನನ್ನ ಅಭಿಪ್ರಾಯವೂ ಅದೇ. ಇಂದೇ ಬರೆಯಿರಿ, ಹಿಂದೆ ಸರಿಯಿರಿ.

ವಿದ್ಯಾರ್ಥಿಯ ವಿಷಯ ಇದಕ್ಕಿಂತ ಕಠಿಣ. ಅವರ ಪ್ರಶ್ನಾವಳಿ ಈಗ ಯಾವ ರೂಪದಲ್ಲಿದೆಯೋ ಅದೇ ರೂಪದಲ್ಲಿ ದಿನಾಂಕಸಹಿತ ಡಾಕ್ಟೋರಲ್ ಸಮಿತಿಯ ಮುಂದಿಟ್ಟು ದಾಖಲಿಸಿಬಿಡಿ. ಇನ್ನು ಮುಂದೆ ಆ ಒಂದು ಭಾಗದ ತಿದ್ದುಪಡಿಯನ್ನು ಸಹ-ಮಾರ್ಗದರ್ಶಕರೋ ಸಮಿತಿಯ ಇನ್ನೊಬ್ಬ ಸದಸ್ಯರೋ ನೋಡಲಿ. ಆಗ ವಿದ್ಯಾರ್ಥಿ ಸ್ವಂತ ಬುದ್ಧಿಯಿಂದ ಅದೇ ದಾರಿಯನ್ನು ಕಂಡುಕೊಂಡರೂ ನಾಳೆ ಅವರ ಮೇಲೆ ಅಪವಾದ ಬರುವುದಿಲ್ಲ. ನೀವು ಮಾತ್ರ ಆ ಬಗ್ಗೆ ಹೌದೆಂದಾಗಲಿ ಅಲ್ಲವೆಂದಾಗಲಿ ತಲೆಯಾಡಿಸಬಾರದು, ಏಕೆಂದರೆ ಶಿಷ್ಯರು ಗುರುವಿನ ಮುಖವನ್ನು ನೋಡಿಯೇ ಅರ್ಧ ಉತ್ತರವನ್ನು ಹಿಡಿದುಬಿಡುತ್ತಾರೆ.


ಉತ್ತರ: ಸಂಶೋಧನಾ ಪತ್ರಿಕೆಯೊಂದರ ಸಂಪಾದಕ ಮಂಡಳಿಯ ಸದಸ್ಯ, ಬೀದರ

ಪ್ರಾಧ್ಯಾಪಕರ ಮಾತಿನ ಬಹುಭಾಗವನ್ನು ನಾನು ಒಪ್ಪುತ್ತೇನೆ, ಒಂದು ಕಡೆ ಮಾತ್ರ ಗೌರವದಿಂದ ಭಿನ್ನಾಭಿಪ್ರಾಯ ಹೇಳಬೇಕಾಗಿದೆ. ಬೀದರ, ಕಲಬುರಗಿ, ಯಾದಗಿರಿಯ ಮೇಲೆ ಬರೆದ ಲೇಖನವನ್ನು ಈ ನೆಲ ಗೊತ್ತಿರುವವರೆಲ್ಲ ‘ನನಗೆ ಲೇಖಕರ ಪರಿಚಯವಿದೆ’ ಎಂದು ಹಿಂದಿರುಗಿಸಿದರೆ, ಕೊನೆಗೆ ಅದು ಅಡತಿ ಎಂದರೇನು, ಮಳೆಯಾಶ್ರಿತ ಹೊಲವೆಂದರೇನು ಎಂಬುದರ ಅರಿವಿಲ್ಲದವರ ಕೈಗೆ ಹೋಗುತ್ತದೆ. ಅವರು ‘ಈ ಫಲಿತಾಂಶ ನಂಬಲರ್ಹವಾಗಿಲ್ಲ’ ಎಂದು ಒಂದು ಸಾಲು ಬರೆದು ಮುಗಿಸುತ್ತಾರೆ. ಅದೂ ಲೇಖಕರಿಗೆ ಆಗುವ ಅನ್ಯಾಯವೇ. ಆದ್ದರಿಂದ ಮೇಡಂ, ಇರುವ ಸಂಗತಿಯನ್ನು ಇರುವ ಹಾಗೆ ಸಂಪಾದಕರಿಗೆ ಬರೆಯಿರಿ. ನಿಮ್ಮನ್ನು ಬಿಡುವುದೋ, ಮಾದರಿಯ ಆಯ್ಕೆಯಂಥ ಒಂದು ಭಾಗದ ಬಗ್ಗೆ ಮಾತ್ರ ಅಭಿಪ್ರಾಯ ಪಡೆಯುವುದೋ ಎಂಬುದನ್ನು ಅವರೇ ತೀರ್ಮಾನಿಸಲಿ. ನಿರ್ಧಾರ ಅವರದು, ಮುಚ್ಚುಮರೆಯಿಲ್ಲದೆ ತಿಳಿಸುವ ಹೊಣೆ ನಿಮ್ಮದು. ವಿದ್ಯಾರ್ಥಿಯ ಕೆಲಸ ಇಷ್ಟು ಹತ್ತಿರದ್ದಾಗಿರುವುದರಿಂದ ಬಹುಶಃ ಅವರು ನಿಮ್ಮನ್ನು ಬಿಡುತ್ತಾರೆ. ಪರಿಚಯ ಮಾತ್ರದ ಸಂದರ್ಭವಾಗಿದ್ದರೆ ನಾನಂತೂ ಬಿಡುತ್ತಿರಲಿಲ್ಲ.

ಲೇಖಕರ ಗುರುತು ಸಿಕ್ಕಿತೆಂಬುದಕ್ಕೆ ತೀರ ಕಳವಳ ಪಡಬೇಕಾಗಿಲ್ಲ. ಚಿಕ್ಕ ಕ್ಷೇತ್ರಗಳಲ್ಲಿ ಹೆಸರು ಮುಚ್ಚುವುದು ಅರ್ಧ ಮಾತ್ರ ಸಾಧ್ಯ. ಬ್ರಿಟಿಷ್ ಮೆಡಿಕಲ್ ಜರ್ನಲ್ 1999ರಿಂದಲೇ ಪರಿಶೀಲಕರ ಹೆಸರನ್ನು ಲೇಖಕರಿಗೆ ತಿಳಿಸುವ ಪದ್ಧತಿಯನ್ನು ತಂದಿದೆ. ಗುರುತು ಸಿಕ್ಕ ಮೇಲೆ ಲೇಖಕರಿಗೆ ಫೋನ್ ಮಾಡಿ ‘ನಿಮ್ಮ ಪೇಪರ್ ನನ್ನ ಹತ್ತಿರವೇ ಇದೆ’ ಎನ್ನುವುದು ಮಾತ್ರ ಕೂಡದು. ನಮ್ಮ ಭಾಗದಲ್ಲಿ ಇದನ್ನು ಸೌಜನ್ಯವೆಂದು ತಿಳಿದವರಿದ್ದಾರೆ. ಆ ಕ್ಷಣದಿಂದ ನಿಮ್ಮ ವರದಿಗೆ ಉಪಕಾರದ ಬಣ್ಣ ಬರುತ್ತದೆ, ಇಲ್ಲವೇ ಹಗೆಯ ಬಣ್ಣ.

ದುರ್ಬಲ ಇಂಗ್ಲಿಷಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನನ್ನ ಮೇಜಿಗೆ ಬರುವ ವರದಿಗಳಲ್ಲಿ ಅತ್ಯಂತ ನೋವು ಕೊಡುವುದು ಇದೇ. ಕನ್ನಡ ಮಾಧ್ಯಮದಲ್ಲಿ ಓದಿ ಮೇಲೆ ಬಂದವರು ಶ್ರಮಪಟ್ಟು ಬರೆದ ಲೇಖನಕ್ಕೆ ‘ಭಾಷೆ ಕಳಪೆ, ತಿರಸ್ಕರಿಸಬಹುದು’ ಎಂದು ಬರೆದು ಕೈತೊಳೆದುಕೊಳ್ಳುವುದು ಪರಿಶೀಲನೆಯೇ ಅಲ್ಲ. ಕೆಲಸ ಮಾಡಿದ ವರದಿ ಹೇಗಿರುತ್ತದೆ ಎಂಬುದಕ್ಕೆ ಒಂದು ಮಾದರಿ ನೋಡಿ: ‘ಮೂರನೆಯ ಕೋಷ್ಟಕದಲ್ಲಿ ಕುಟುಂಬದ ಸರಾಸರಿ ಸಾಲವನ್ನಷ್ಟೇ ಕೊಟ್ಟಿದ್ದೀರಿ. ಟ್ರ್ಯಾಕ್ಟರ್ ಸಾಲವಿರುವ ಕೆಲವೇ ಮನೆಗಳು ಸರಾಸರಿಯನ್ನು ಮೇಲಕ್ಕೆ ಎಳೆದಿರುವ ಸಾಧ್ಯತೆಯಿದೆ. ಮಧ್ಯಾಂಕವನ್ನೂ (ಸಾಲದ ಮೊತ್ತಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವುದನ್ನು) ಕೊಟ್ಟರೆ ಸಣ್ಣ ಹಿಡುವಳಿದಾರರ ಸ್ಥಿತಿ ಸ್ಪಷ್ಟವಾಗುತ್ತದೆ. ಇಷ್ಟಾದರೆ ನಿಮ್ಮ ಎರಡನೆಯ ತೀರ್ಮಾನ ನಿಲ್ಲುತ್ತದೆಯೋ ಇಲ್ಲವೋ ಎಂಬುದನ್ನು ಮತ್ತೊಮ್ಮೆ ಪರೀಕ್ಷಿಸಿ.’ ಇದನ್ನು ಓದಿದ ಲೇಖಕರಿಗೆ ತಾವು ಮಾಡಬೇಕಾದದ್ದು ಏನೆಂದು ಗೊತ್ತಾಗುತ್ತದೆ. ಭಾಷೆಯನ್ನು ತಿದ್ದಿಸುವುದು ಆಮೇಲಿನ ಕೆಲಸ, ಅದಕ್ಕೆ ಬೇರೆ ಜನರಿದ್ದಾರೆ.

ಇನ್ನೊಂದು ಕೆಟ್ಟ ಅಭ್ಯಾಸವನ್ನೂ ಹೇಳಲೇಬೇಕು. ಪರಿಶೀಲನಾ ನಮೂನೆಯಲ್ಲಿ ಲೇಖಕರಿಗೆ ತೋರಿಸುವ ಅಂಕಣವೊಂದು, ಸಂಪಾದಕರಿಗೆ ಮಾತ್ರ ಕಾಣುವ ಅಂಕಣವೊಂದು ಇರುತ್ತದೆ. ಕೆಲವರು ಮೊದಲನೆಯದರಲ್ಲಿ ‘ಉತ್ತಮ ಪ್ರಯತ್ನ, ಸಣ್ಣ ತಿದ್ದುಪಡಿಗಳು ಸಾಕು’ ಎಂದು ಬರೆದು, ಎರಡನೆಯದರಲ್ಲಿ ‘ಇದನ್ನು ಯಾವ ಕಾರಣಕ್ಕೂ ಪ್ರಕಟಿಸಬೇಡಿ’ ಎನ್ನುತ್ತಾರೆ. ಸಂಪಾದಕರು ತಿರಸ್ಕರಿಸಿದಾಗ ಲೇಖಕರಿಗೆ ಕಾರಣವೇ ತಿಳಿಯುವುದಿಲ್ಲ. ನಿಷ್ಠುರವೆಲ್ಲ ಸಂಪಾದಕರ ತಲೆಗೆ. ಎರಡು ಅಂಕಣಗಳ ತೀರ್ಪು ಒಂದೇ ಆಗಿರಬೇಕು. ನನ್ನ ಲೇಖನಗಳನ್ನು ಉಲ್ಲೇಖಿಸಿ ಎಂದು ವಿಷಯಕ್ಕೆ ಸಂಬಂಧವಿಲ್ಲದ ಪಟ್ಟಿಯನ್ನು ಅಂಟಿಸುವವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದು ಶುದ್ಧ ವಸೂಲಿ.

ಕೊನೆಯದಾಗಿ, ಹಸ್ತಪ್ರತಿಯನ್ನು ಚಾಟ್‌ಜಿಪಿಟಿಯಂಥ ಉಪಕರಣಕ್ಕೆ ಹಾಕಿ ವರದಿ ಬರೆಸಿಕೊಳ್ಳುವವರು ಈಗ ಹೆಚ್ಚುತ್ತಿದ್ದಾರೆ. ಅಪ್ರಕಟಿತ ಬರಹವನ್ನು ಲೇಖಕರ ಒಪ್ಪಿಗೆಯಿಲ್ಲದೆ ಹೊರಗಿನ ಕಂಪನಿಯ ಸರ್ವರಿಗೆ ಒಪ್ಪಿಸುವುದು ಗೋಪ್ಯತೆಯ ಉಲ್ಲಂಘನೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತನ್ನ ಅನುದಾನ ಅರ್ಜಿಗಳ ಪರಿಶೀಲಕರಿಗೆ 2023ರ ಜೂನ್‌ನಲ್ಲೇ ಇದನ್ನು ನಿಷೇಧಿಸಿತು.


ಉತ್ತರ: ಸಂಶೋಧನಾ ವಿದ್ಯಾರ್ಥಿ, ಯಾದಗಿರಿ

ಗುರುಗಳಿಬ್ಬರಿಗೂ ನಮಸ್ಕಾರ. ಪರಿಶೀಲನೆಗೆ ಒಳಗಾಗುವ ಕಡೆಯವನಾಗಿ ಎರಡು ಮಾತು ಸೇರಿಸಲು ಅನುಮತಿ ಬೇಡುತ್ತೇನೆ.

ಮೊದಲನೆಯದು ವಿಳಂಬ. ನನ್ನ ಲೇಖನವೊಂದು ಒಂದು ಪತ್ರಿಕೆಯಲ್ಲಿ ಪರಿಶೀಲಕರ ಬಳಿ ಒಂದು ಮುಂಗಾರು ಕಳೆದು ಇನ್ನೊಂದು ಮುಂಗಾರು ಬರುವವರೆಗೆ ಕುಳಿತಿತ್ತು. ಕೇಳಿದಾಗಲೆಲ್ಲ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ. ಒಂದು ಲೇಖನವನ್ನು ಒಂದೇ ಸಮಯದಲ್ಲಿ ಎರಡು ಪತ್ರಿಕೆಗಳಿಗೆ ಕಳುಹಿಸಬಾರದೆಂಬ ನಿಯಮಕ್ಕೆ ನಾವು ಕಟ್ಟುಬಿದ್ದಿರುತ್ತೇವೆ. ಹಿಂದಕ್ಕೆ ಪಡೆದರೆ ಕಾದದ್ದೆಲ್ಲ ವ್ಯರ್ಥ, ಪಡೆಯದಿದ್ದರೆ ದತ್ತಾಂಶ ಹಳೆಯದಾಗುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮಾವಳಿ ಪಿಎಚ್.ಡಿ. ಪ್ರಬಂಧ ಸಲ್ಲಿಸಲು ಲೇಖನ ಪ್ರಕಟಣೆಯನ್ನು ಕಡ್ಡಾಯ ಮಾಡಿಲ್ಲವಾದರೂ, ಕೆಲಸದ ಸಂದರ್ಶನದಲ್ಲಿ ಕೇಳುವುದು ಅದನ್ನೇ. ಪರಿಶೀಲಕರಿಗೆ ಸಮಯವಿಲ್ಲದಿದ್ದರೆ ಆಗುವುದಿಲ್ಲವೆಂದು ಆ ದಿನವೇ ಹೇಳುವುದು ನಮ್ಮಂಥವರಿಗೆ ಮಾಡುವ ದೊಡ್ಡ ಉಪಕಾರ. ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ಸುಮ್ಮನೆ ಇಟ್ಟುಕೊಂಡೇ ಒಬ್ಬರ ವರ್ಷವನ್ನು ಹಾಳು ಮಾಡಬಹುದು.

ಎರಡನೆಯದನ್ನು ಸಂಕೋಚದಿಂದಲೇ ಕೇಳುತ್ತೇನೆ. ಮಾರ್ಗದರ್ಶಕರು ತಮಗೆ ಬಂದ ಹಸ್ತಪ್ರತಿಯನ್ನು ಸಂಶೋಧನಾ ವಿದ್ಯಾರ್ಥಿಗೆ ಕೊಟ್ಟು ‘ಓದಿ ಎರಡು ಪುಟ ಬರೆದು ತಾ’ ಎನ್ನುವುದೂ, ಆ ವರದಿ ಮಾರ್ಗದರ್ಶಕರ ಹೆಸರಿನಲ್ಲೇ ಹೋಗುವುದೂ ಅನೇಕ ಕಡೆ ರೂಢಿಯಲ್ಲಿದೆ. ಕಲಿಯಲು ಅದು ಒಳ್ಳೆಯ ಅವಕಾಶವೆಂಬುದು ನಿಜ. ಆದರೆ ಮೇಲೆ ಹೇಳಿದ 1978ರ ಪ್ರಸಂಗವನ್ನು ಓದಿದ ಮೇಲೆ ನನಗೆ ಭಯವಾಗಿದೆ. ಇದು ಸರಿಯೇ?

ಇನ್ನು, ಯುಜಿಸಿ 2018ರ ಮೇ ತಿಂಗಳಲ್ಲಿ ತಾನು ಅನುಮೋದಿಸಿದ್ದ ಪತ್ರಿಕೆಗಳ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಿತು, ಆಮೇಲೆ ಗುಣಮಟ್ಟದ ಪತ್ರಿಕೆಗಳನ್ನು ಗುರುತಿಸಲು ಬಂದ ಕೇರ್ ಪಟ್ಟಿಯನ್ನೂ 2025ರ ಫೆಬ್ರುವರಿಯಲ್ಲಿ ಕೈಬಿಟ್ಟಿತು. ಯಾವ ಪತ್ರಿಕೆ ಒಳ್ಳೆಯದು ಎಂದು ತೋರಿಸುವ ಪಟ್ಟಿ ಈಗ ನಮ್ಮ ಕೈಯಲ್ಲಿಲ್ಲ. ಹಣ ಕಟ್ಟಿದ ಮರುದಿನವೇ ‘ಪರಿಶೀಲನೆ ಮುಗಿದಿದೆ, ಸ್ವೀಕೃತವಾಗಿದೆ’ ಎಂದು ಬರುವ ಸಂದೇಶಗಳಿಗೆ ಹಲವು ಸ್ನೇಹಿತರು ಸೋತಿದ್ದಾರೆ. ತಪ್ಪನ್ನು ತೋರಿಸಿ ತಿದ್ದಿಸಿಕೊಂಡ ಪರಿಶೀಲಕರ ವರದಿಯೊಂದು ಕೈಗೆ ಬಂದರೆ, ಅದು ನಿಜವಾದ ಪತ್ರಿಕೆಯೆಂದು ನಾವು ನಂಬುವುದು ಆಗಲೇ.


ಉತ್ತರ: ಸಂಪಾದಕ ಮಂಡಳಿಯ ಸದಸ್ಯ, ಬೀದರ

ತಮ್ಮಾ, ನೀವು ಕೇಳಿದ್ದು ಸರಿಯಾದ ಪ್ರಶ್ನೆ, ಸಂಕೋಚ ಬೇಡ. ವಿದ್ಯಾರ್ಥಿಯ ನೆರವು ಪಡೆಯುವುದು ತಪ್ಪಲ್ಲ, ಆದರೆ ಹಸ್ತಪ್ರತಿಯನ್ನು ತೋರಿಸುವ ಮೊದಲೇ ಸಂಪಾದಕರ ಅನುಮತಿ ಪಡೆಯಬೇಕು, ವರದಿಯಲ್ಲಿ ವಿದ್ಯಾರ್ಥಿಯ ಹೆಸರನ್ನೂ ಕಾಣಿಸಬೇಕು. ನಾನಂತೂ ಅಂಥ ಕೋರಿಕೆ ಬಂದಾಗ ಸಂತೋಷದಿಂದ ಒಪ್ಪಿದ್ದೇನೆ. ಒಳ್ಳೆಯ ಪರಿಶೀಲಕರು ತಯಾರಾಗುವುದೇ ಹೀಗೆ. ಹೆಸರಿಲ್ಲದೆ ಬರೆಸಿಕೊಳ್ಳುವುದರಲ್ಲಿ ಎರಡು ಅನ್ಯಾಯಗಳಿವೆ: ದುಡಿದವನಿಗೆ ಮನ್ನಣೆಯಿಲ್ಲ, ಹಸ್ತಪ್ರತಿಯನ್ನು ಯಾರು ಯಾರು ಓದಿದರು ಎಂಬುದು ಸಂಪಾದಕರಿಗೆ ಗೊತ್ತಿಲ್ಲ.


ಪ್ರಶ್ನೆ ಕೇಳಿದವರಿಂದ: ಸಹಾಯಕ ಪ್ರಾಧ್ಯಾಪಕಿ, ಕಲಬುರಗಿ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಬೀದರದ ಸರ್ ಅವರು ಹೇಳಿದಂತೆ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಸಂಪಾದಕರಿಗೆ ಬರೆದೆ. ಇಂಥ ಪತ್ರವನ್ನು ಹೇಗೆ ಬರೆಯಬೇಕೆಂದು ನನಗೇ ತೋಚದೆ ಬಹಳ ಹೊತ್ತು ಕುಳಿತಿದ್ದರಿಂದ, ಮುಂದೆ ಯಾರಿಗಾದರೂ ಬೇಕಾದೀತೆಂದು ಅದರ ಸಾರವನ್ನು ಇಲ್ಲಿ ಕೊಡುತ್ತಿದ್ದೇನೆ:

‘ಸಾರಾಂಶದಿಂದ ತಿಳಿಯದಿದ್ದ ಒಂದು ಸಂಗತಿ ಪೂರ್ಣ ಹಸ್ತಪ್ರತಿಯನ್ನು ಓದಿದಾಗ ತಿಳಿಯಿತು. ನನ್ನ ಮಾರ್ಗದರ್ಶನದಲ್ಲಿರುವ ಸಂಶೋಧನೆಯೊಂದು ಇದೇ ಪ್ರಶ್ನೆಗೆ ಸಂಬಂಧಿಸಿದ್ದು, ಅದರ ಕ್ಷೇತ್ರಕಾರ್ಯ ಇನ್ನೂ ಮುಗಿದಿಲ್ಲ. ಲೇಖಕರು ಯಾರೆಂಬುದನ್ನೂ ನಾನು ಊಹಿಸಬಲ್ಲೆ. ಹಸ್ತಪ್ರತಿಯನ್ನು ಯಾರಿಗೂ ತೋರಿಸಿಲ್ಲ, ಅದರ ವಿಷಯವನ್ನು ಯಾರೊಂದಿಗೂ ಚರ್ಚಿಸಿಲ್ಲ. ನಾನು ಮುಂದುವರಿಯುವುದು ಉಚಿತವೋ ಅಲ್ಲವೋ ಎಂಬುದನ್ನು ತಾವು ನಿರ್ಧರಿಸಬೇಕೆಂದು ಕೋರುತ್ತೇನೆ.’

ಸಂಪಾದಕರು ಮರುದಿನವೇ ಉತ್ತರಿಸಿ, ನನ್ನನ್ನು ಪರಿಶೀಲನೆಯಿಂದ ಬಿಡುಗಡೆ ಮಾಡಿದರು. ಬೇರೆ ಯಾರನ್ನು ಕೇಳಬಹುದೆಂದು ಸೂಚಿಸುವಂತೆಯೂ ಕೋರಿದರು. ಈ ಭಾಗವನ್ನು ಬಲ್ಲ, ಲೇಖಕರ ಪರವೂ ವಿರೋಧವೂ ಅಲ್ಲದ ಇಬ್ಬರ ಹೆಸರನ್ನು ಯೋಚಿಸಿ ಕಳುಹಿಸಿದ್ದೇನೆ. ಪ್ರಶ್ನಾವಳಿಯ ಈಗಿನ ಪ್ರತಿಯನ್ನು ಡಾಕ್ಟೋರಲ್ ಸಮಿತಿಗೆ ಸಲ್ಲಿಸಿಯಾಗಿದೆ. ವಿದ್ಯಾರ್ಥಿಗೆ ನಾನು ಹೇಳಿದ್ದು ಇಷ್ಟೇ: ಪ್ರಶ್ನಾವಳಿಯ ಆ ಭಾಗದ ಬಗ್ಗೆ ಸದ್ಯಕ್ಕೆ ನಾನು ಸಲಹೆ ಕೊಡುವ ಸ್ಥಿತಿಯಲ್ಲಿಲ್ಲ, ಕಾರಣವನ್ನು ಕೇಳಬೇಡ, ಸಹ-ಮಾರ್ಗದರ್ಶಕರನ್ನು ಕಾಣು. ಆ ಲೇಖನ ಪ್ರಕಟವಾದ ದಿನ ಎಲ್ಲರಂತೆ ನಾವೂ ಅದನ್ನು ಓದಿ, ಲೇಖಕರ ಹೆಸರು ಹೇಳಿ ಉಲ್ಲೇಖಿಸುತ್ತೇವೆ.

ಒಂದು ಸಂದೇಹ ಉಳಿದಿದೆ. ಹಸ್ತಪ್ರತಿಯ ಪಿಡಿಎಫ್ ಪ್ರತಿಯನ್ನು ನಾನು ಬರೆದುಕೊಂಡ ಟಿಪ್ಪಣಿಗಳೊಂದಿಗೆ ದಾಖಲೆಗಾಗಿ ಇಟ್ಟುಕೊಳ್ಳಬೇಕೇ, ಅಳಿಸಬೇಕೇ?


ಉತ್ತರ: ಸಂಪಾದಕ ಮಂಡಳಿಯ ಸದಸ್ಯ, ಬೀದರ

ಎರಡನ್ನೂ ಅಳಿಸಿ ಮೇಡಂ. ಕಾಲೇಜಿನ ಕಂಪ್ಯೂಟರಿನಲ್ಲಿ ತೆರೆದಿದ್ದರೆ ಡೌನ್‌ಲೋಡ್ ಫೋಲ್ಡರನ್ನೂ ನೋಡಿ, ಏಕೆಂದರೆ ವಿಭಾಗದ ಕಂಪ್ಯೂಟರನ್ನು ಸಂಶೋಧನಾ ವಿದ್ಯಾರ್ಥಿಗಳೂ ಬಳಸುತ್ತಾರೆ. ಅಚ್ಚು ತೆಗೆದಿದ್ದರೆ ಹರಿದುಹಾಕಿ, ರದ್ದಿಗೆ ಕೊಡಬೇಡಿ. ಸಂಪಾದಕರೊಂದಿಗೆ ನಡೆದ ಪತ್ರವ್ಯವಹಾರವನ್ನು ಮಾತ್ರ ಭದ್ರವಾಗಿ ಇಟ್ಟುಕೊಳ್ಳಿ.